ನಂದೀಶ್ವರದ್ವೀಪವೂ ಮಾನುಷೋತ್ತರದ ಗಡಿಯೂ

ಜೈನಪುರಾಣಗಳನ್ನು ಪಾಠ ಹೇಳುವವರು ಲೋಕವರ್ಣನೆಯ ಭಾಗವು ಬಂದೊಡನೆ ಹಾಳೆಗಳನ್ನು ಮಗುಚಿಬಿಡುವುದು ರೂಢಿಯಾಗಿದೆ. ದ್ವೀಪಸಮುದ್ರಗಳ ಯೋಜನಗಣನೆಯು ಕಾವ್ಯಕ್ಕೆ ಹೊರೆಯೆಂದೂ ಕಥೆಗೆ ಅದರಿಂದ ಪ್ರಯೋಜನವಿಲ್ಲವೆಂದೂ ಅವರ ಎಣಿಕೆ. ೧೮೩೫ರಲ್ಲಿ ಮೆಕಾಲೆಯು ತನ್ನ ಪ್ರಸಿದ್ಧ ಟಿಪ್ಪಣಿಯಲ್ಲಿ ನಮ್ಮ ಭೂಗೋಳದ ಕಾಕಂಬಿಯ ಕಡಲನ್ನೂ ಬೆಣ್ಣೆಯ ಕಡಲನ್ನೂ ಪರಿಹಾಸ ಮಾಡಿದನು. ಅವನನ್ನು ಖಂಡಿಸುವ ನಾವೇ ಆ ಕಡಲುಗಳನ್ನು ಓದದೆ ಬಿಡುವುದು ವಿಚಿತ್ರವಲ್ಲವೆ? ಈ ಗಣನೆಯನ್ನು ಬಿಟ್ಟರೆ ಕಥೆಯ ತಿರುಳೇ ಕೈಬಿಡುವುದೆಂಬುದನ್ನು ನಂದೀಶ್ವರದ್ವೀಪವೆಂಬ ಒಂದು ನಿದರ್ಶನದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಆಗಮದ ಮತದಂತೆ ಲಕ್ಷಯೋಜನ ವಿಷ್ಕಂಭದ ಜಂಬೂದ್ವೀಪವು ಮಧ್ಯದಲ್ಲಿರುವುದು. ಅದನ್ನು ಸಮುದ್ರಗಳೂ ದ್ವೀಪಗಳೂ ಬಳೆಗಳಂತೆ ಸುತ್ತಿ, ಒಂದಕ್ಕಿಂತ ಮುಂದಿನದು ಇಮ್ಮಡಿ ಅಗಲವಾಗುತ್ತ ಹೋಗುವುವು. ಮೂರನೆಯದಾದ ಪುಷ್ಕರವರದ್ವೀಪದ ನಟ್ಟನಡುವೆ ಮಾನುಷೋತ್ತರಪರ್ವತವಿದೆ. ಮನುಷ್ಯರ ನೆಲೆಯು ಅದರ ಈಚಿನ ಎರಡೂವರೆ ದ್ವೀಪಗಳು ಮಾತ್ರ. ಆಚೆ ವಾರುಣೀವರ, ಕ್ಷೀರವರ, ಘೃತವರ, ಇಕ್ಷುವರಗಳನ್ನು ಕಳೆದರೆ ಎಂಟನೆಯದು ನಂದೀಶ್ವರ. ಅದರ ಅಗಲ ೧೬೩ ಕೋಟಿ ೮೪ ಲಕ್ಷ ಯೋಜನ. ಇದು ಬಾಯಿಗೆ ಬಂದ ಸಂಖ್ಯೆಯಲ್ಲ; ಒಂದು ಲಕ್ಷವನ್ನು ೧೪ ಸಾರಿ ಇಮ್ಮಡಿಸಿದರೆ ಇದೇ ದೊರೆಯುವುದು. ಅಲ್ಲಿ ದಿಕ್ಕಿಗೊಂದು ಅಂಜನಗಿರಿ, ನಾಲ್ಕು ದಧಿಮುಖ, ಎಂಟು ರತಿಕರ, ಹೀಗೆ ೧೩ ಗಿರಿಗಳು. ನಾಲ್ಕು ದಿಕ್ಕುಗಳಲ್ಲಿ ಒಟ್ಟು ೫೨ ಅಕೃತ್ರಿಮ ಜಿನಾಲಯಗಳು. ಆಷಾಢ, ಕಾರ್ತಿಕ, ಫಾಲ್ಗುಣಗಳ ಶುಕ್ಲಾಷ್ಟಮಿಯಿಂದ ಹುಣ್ಣಿಮೆಯವರೆಗೆ ದೇವತೆಗಳು ಅಲ್ಲಿ ಪೂಜೆ ಸಲ್ಲಿಸುವರು. ಮನುಷ್ಯನಿಗೆ ಮಾತ್ರ ಪ್ರವೇಶವಿಲ್ಲ.

ನಿಷಿದ್ಧ ದ್ವೀಪದ ಕಲ್ಪನೆಯು ವೈದಿಕಪರಂಪರೆಗೂ ಹೊಸತಲ್ಲ. ಮಹಾಭಾರತದ ನಾರಾಯಣೀಯದಲ್ಲಿ ಏಕತ, ದ್ವಿತ, ತ್ರಿತರು ಶ್ವೇತದ್ವೀಪಕ್ಕೆ ಹೋಗಿಯೂ ಕಣ್ಣು ಕೋರೈಸಿ ದೇವನನ್ನು ಕಾಣದೆ ಮರಳುವರು, ನಾರದನು ಕಾಣುವನು. ಅಲ್ಲಿ ಅಡ್ಡಿಯಾದುದು ಭಕ್ತಿಯ ಕೊರತೆ. ಅದು ನೀಗಿದರೆ ಬಾಗಿಲು ತೆರೆಯುವುದು. ಪುರಾಣಗಳು ಪುಷ್ಕರದ್ವೀಪದಲ್ಲಿ ಮಾನಸೋತ್ತರವೆಂಬ ಬಳೆಯಾಕಾರದ ಪರ್ವತವನ್ನು ಹೇಳುವುದೂ ಗಮನಾರ್ಹ. ಆದರೆ ಜೈನರ ಮಾನುಷೋತ್ತರವು ಹೆಸರಿನಲ್ಲಿಯೇ ಮನುಷ್ಯತ್ವದ ಎಲ್ಲೆಯಾಗಿರುವುದು. ಉಪಪಾದ, ಸಮುದ್ಘಾತಗಳೆಂಬ ಸೂಕ್ಷ್ಮಸಂದರ್ಭಗಳ ಹೊರತು ವಿದ್ಯಾಧರರೂ ಋದ್ಧಿವಂತ ಮುನಿಗಳೂ ಅದನ್ನು ದಾಟಲಾರರೆಂದು ಪೂಜ್ಯಪಾದನು ಸರ್ವಾರ್ಥಸಿದ್ಧಿಯಲ್ಲಿ ನಿರ್ಣಯಿಸಿರುವನು. ಶ್ವೇತಾಂಬರರ ಭಗವತೀಸೂತ್ರವಾದರೋ ಚಾರಣಮುನಿಗಳಿಗೆ ನಂದೀಶ್ವರದವರೆಗೆ ಗಮನವನ್ನು ಒಪ್ಪುವುದು. ಆದುದರಿಂದ ದಿಗಂಬರಮತದಲ್ಲಿ ಈ ನಿಷೇಧವು ಪಾಪಕ್ಕೆ ವಿಧಿಸಿದ ದಂಡವಲ್ಲ, ಜನ್ಮದ ಪರಿಮಿತಿ. ತಪಸ್ಸಿನಿಂದಲೂ ಈ ದೇಹದಲ್ಲಿ ಅದು ಸಡಿಲದು.

ಈಗ ಕಥೆಗೆ ಬರೋಣ. ವಿಮಲಸೂರಿಯ ಪಉಮಚರಿಯದಲ್ಲಿಯೂ ೭ನೆಯ ಶತಮಾನದ ರವಿಷೇಣನ ಪದ್ಮಪುರಾಣದಲ್ಲಿಯೂ ಬರುವ ವಿದ್ಯಾಧರ ಶ್ರೀಕಂಠನು ಲಂಕಾಧಿಪತಿಯಾದ ಕೀರ್ತಿಧವಳನಿಂದ ವಾನರದ್ವೀಪವನ್ನು ಪಡೆದು ಕಿಷ್ಕುಪುರದಲ್ಲಿ ಸುಖವಾಗಿರುವನು. ಒಮ್ಮೆ ದೇವತೆಗಳು ನಂದೀಶ್ವರಕ್ಕೆ ಹೋಗುವುದನ್ನು ಕಂಡು ತಾನೂ ವಿಮಾನವೇರಿ ಬೆನ್ನಟ್ಟುವನು. ಮಾನುಷೋತ್ತರದ ಬಳಿ ವಿಮಾನವು ನಿಲ್ಲುವುದು. ದೇವತೆಗಳು ಮುಂದೆ ಹೋಗುವರು. ಶ್ರೀಕಂಠನು ಶೋಕಿಸಿ, ಮಗನಾದ ವಜ್ರಕಂಠನಿಗೆ ರಾಜ್ಯವನ್ನು ಕೊಟ್ಟು ದೀಕ್ಷೆಯನ್ನು ಕೈಕೊಳ್ಳುವನು.

ವಾನರವಂಶದ ಉತ್ಪತ್ತಿಯನ್ನು ಹೇಳುವುದಷ್ಟೇ ಕವಿಯ ಗುರಿಯಾಗಿದ್ದರೆ ಮೊದಲ ದ್ವೀಪವೇ ಸಾಕಾಗಿತ್ತು. ಎರಡನೆಯದನ್ನು ತಂದುದೇಕೆ? ದಾನವಾಗಿ ಬಂದ ದ್ವೀಪವು ಶ್ರೀಕಂಠನನ್ನು ಅರಸನನ್ನಾಗಿ ಮಾಡಿತು. ದೊರೆಯದ ದ್ವೀಪವು ಯತಿಯನ್ನಾಗಿ ಮಾಡಿತು. ಗಡಿಯ ನಿಯಮವನ್ನು ಅರಿಯದ ವಿದ್ಯಾರ್ಥಿಗೆ ಇದು ಕೆಟ್ಟುಹೋದ ವಿಮಾನದ ಕಥೆ. ಅರಿತವನಿಗೆ ಇನ್ನೊಂದು ಅರ್ಥವೂ ಹೊಳೆಯುವುದು. ನಂದೀಶ್ವರಕ್ಕೆ ಹೋಗಬಲ್ಲ ದೇವತೆಗಳಿಗೆ ಸಂಯಮವಿಲ್ಲ, ಆ ಜನ್ಮದಲ್ಲಿ ಮೋಕ್ಷವೂ ಇಲ್ಲ. ದೀಕ್ಷೆಯ ಅಧಿಕಾರವು ಗಡಿಯ ಈಚೆ ನಿಂತ ಮನುಷ್ಯನದು. ವಿಮಾನವು ನಿಂತ ಸ್ಥಳದಲ್ಲಿ ಶ್ರೀಕಂಠನು ಕಳೆದುಕೊಂಡುದು ಯಾತ್ರೆ. ಅವನ ಕೈಯಲ್ಲಿ ಉಳಿದುದು ದೇವತೆಗಳಿಗೂ ಇಲ್ಲದ ದಾರಿ. ಯೋಜನಗಣನೆಯು ಇಲ್ಲಿ ಹೊರೆಯಲ್ಲ, ರಸಕ್ಕೆ ಆಧಾರ.

ಕಡಲನ್ನೇ ಕಾಣದ ನಮ್ಮ ಎರೆನಾಡಿಗೆ ಇಂಥ ದ್ವೀಪದ ಮಾತೇಕೆಂದು ಕೇಳಬಹುದು. ನರಗುಂದ, ಗಜೇಂದ್ರಗಡಗಳ ಗುಡ್ಡಗಳೇ ಇಲ್ಲಿ ಎತ್ತರ. ಆದರೂ ಗಂಗ ಬೂತುಗನ ರಾಣಿ ಪದ್ಮಬ್ಬರಸಿಯ ಬಸದಿಯು ೧೦ನೆಯ ಶತಮಾನದಲ್ಲಿ ಎದ್ದುದು ರೋಣದ ಸೀಮೆಯ ನರೇಗಲ್ಲಿನಲ್ಲಿ. ನಯಸೇನನು ೧೧೧೨ರಲ್ಲಿ ಧರ್ಮಾಮೃತವನ್ನು ರಚಿಸಿದುದು ನೆರೆಯ ಮುಳುಗುಂದದಲ್ಲಿ. ನಯಸೇನನೂ ಎತ್ತಿಕೊಂಡ ಅನಂತಮತಿಯ ಕಥೆಯನ್ನು ಪ್ರಭಾಚಂದ್ರನ ರತ್ನಕರಂಡಕಟೀಕೆಯಲ್ಲಿ ನೋಡಬೇಕು. ನಂದೀಶ್ವರದ ಅಷ್ಟಮಿಯಂದು ಶ್ರೇಷ್ಠಿಯು ಎಂಟು ದಿನಗಳ ಬ್ರಹ್ಮಚರ್ಯವನ್ನು ಹಿಡಿದು, ವಿನೋದಕ್ಕಾಗಿ ಮಗಳಿಗೂ ವ್ರತವನ್ನು ಕೊಡಿಸುವನು. ಮದುವೆಯ ಕಾಲದಲ್ಲಿ ಅವಳು, ಧರ್ಮದಲ್ಲಿ ವಿನೋದವೆಲ್ಲಿಯದು, ನನಗೆ ದಿನಗಳ ಮಿತಿಯನ್ನು ಹೇಳಿರಲಿಲ್ಲವಲ್ಲ ಎಂದು ವಾದಿಸಿ, ಬಾಳೆಲ್ಲ ಆ ವ್ರತವನ್ನು ನಡೆಸುವಳು. ಕಾಲಿಗೆ ನಿಷಿದ್ಧವಾದ ದ್ವೀಪವು ಹೀಗೆ ಪಂಚಾಂಗದ ಎಂಟು ದಿನಗಳಾಗಿ ಮನೆಯೊಳಕ್ಕೆ ಬಂದಿರುವುದು. ಬಸದಿಗಳಲ್ಲಿ ೫೨ ಬಿಂಬಗಳ ಪುಟ್ಟ ಲೋಹಪ್ರತಿಮೆಯಾಗಿ ಅದು ಪೀಠದ ಮೇಲೆ ನಿಂತಿರುವುದೂ ಇದರಿಂದಲೇ.

ಆದಕಾರಣ ಪಾಠ ಹೇಳುವವರು ಲೋಕವರ್ಣನೆಯನ್ನು ಭೂಗೋಳವೆಂದು ಸಮರ್ಥಿಸಲೂ ಬೇಡ, ಭ್ರಾಂತಿಯೆಂದು ಬಿಡಲೂ ಬೇಡ. ಮೊದಲು ಮಾನುಷೋತ್ತರವನ್ನು ಹಲಗೆಯ ಮೇಲೆ ಬರೆದು ತೋರಿಸಿ, ಬಳಿಕ ಶ್ರೀಕಂಠನ ವಿಮಾನವನ್ನು ಹೊರಡಿಸಲಿ. ಅದು ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನು ವಿದ್ಯಾರ್ಥಿಗಳು ತಾವಾಗಿಯೇ ಹೇಳುವರು.