ಇದ್ದೂ ಇಲ್ಲದ ತಂದೆ

ದಂಡಿಗನಹಳ್ಳಿ ಹೋಬಳಿಯುಳ್ಳ ಚನ್ನರಾಯಪಟ್ಟಣ ತಾಲ್ಲೂಕಿನವರೇ ಆದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಬಡತನದ ಕಥೆಯೆಂದು ಹೆಸರಾಗಿದೆ. ನನಗದು ತಂದೆಯ ಗೈರುಹಾಜರಿಯ ಕಥೆ. ಚೆನ್ನಿಗರಾಯ ಮನೆ ಬಿಟ್ಟವನಲ್ಲ. ಊಟಕ್ಕೆ ತಪ್ಪದೆ ಹಾಜರು. ಲೆಕ್ಕ ಬರೆಯುವವಳೂ ಮಕ್ಕಳನ್ನು ಸಾಕುವವಳೂ ನಂಜಮ್ಮ. ಅವನೂ ತಂದೆಯಿಲ್ಲದೆ ಗಂಗಮ್ಮನ ಬೈಗುಳದಲ್ಲಿ ಬೆಳೆದವನೇ. ಇಷ್ಟನ್ನು ತಿಳಿಸಿದ ಲೇಖಕರು ಅವನ ಮನಸ್ಸಿನೊಳಕ್ಕೆ ಮಾತ್ರ ಇಳಿಯುವುದಿಲ್ಲ. ಇದು ಕೃತಿಯ ಕೊರತೆ.

ನಮ್ಮದೂ ಅದೇ ಕೊರತೆ. ಮಗು ದಾರಿ ತಪ್ಪಿದರೆ ವೈದ್ಯರ ಬಳಿಗೆ ತಾಯಿಯೊಬ್ಬಳೇ ಹೋಗುತ್ತಾಳೆ. ಮನೆಮಂದಿಯೆಲ್ಲ ಒಂದೇ ವ್ಯವಸ್ಥೆಯೆಂದು ಸಾಲ್ವಡಾರ್ ಮಿನುಚಿನ್ 1974ರಲ್ಲೇ ಬರೆದರು. ಹಾಗಾದರೆ ತಂದೆಯನ್ನೂ ಕರೆಯಬೇಕು; ದೂರಲಲ್ಲ, ಹೊಣೆ ಹೊರಿಸಲು. ಕೊನೆಗೆ ವಿಶ್ವನ ಕೈ ಹಿಡಿಯುವವರು ಜಂಗಮ ಮಾದೇವಯ್ಯನವರು. ಎಲ್ಲ ಮಕ್ಕಳಿಗೂ ಮಾದೇವಯ್ಯನವರು ಸಿಗುವುದಿಲ್ಲವಷ್ಟೆ.