ಕೃಷ್ಣನ ತುಟಿಗೂ ಪದಕ್ಕೂ ನಡುವೆ

ಅರಸೀಕೆರೆಯಿಂದ ಜಾವಗಲ್ ಕಡೆಗೆ ಹೋಗುವ ದಾರಿಯಲ್ಲಿ ಒಂದೂರು. ಜಾತ್ರೆಯ ರಾತ್ರಿ, ಪೌರಾಣಿಕ ನಾಟಕ ‘ಕುರುಕ್ಷೇತ್ರ’. ಕೃಷ್ಣ ಸಂಧಾನಕ್ಕೆ ಹೊರಟಿದ್ದ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದಿದ್ದರು, ಸೀನರಿಯ ಪಕ್ಕದಲ್ಲಿ ಎಲ್‌ಇಡಿ ವಾಲ್ ಧಗಧಗ ಅನ್ನುತ್ತಿತ್ತು. ನಾನು ಕೂತದ್ದು ಎರಡನೇ ಸಾಲಿನಲ್ಲಿ. ಪದ ಕಿವಿಗೆ ಬಿದ್ದ ಮೇಲೆ ಪರದೆಯ ಕೃಷ್ಣ ಬಾಯಿ ತೆರೆಯುತ್ತಿದ್ದ. ಒಮ್ಮೆ ಅದು ಕಣ್ಣಿಗೆ ಬಿತ್ತೆಂದರೆ ಮುಗಿಯಿತು, ಮತ್ತೆ ನಾಟಕ ನೋಡಲಾಗುವುದಿಲ್ಲ. ಎದ್ದು ಹಿಂದಕ್ಕೆ ನಡೆದೆ. ಕಡಲೆಪುರಿ ಅಂಗಡಿ ಹತ್ತಿರ ಬರುವಷ್ಟರಲ್ಲಿ ತುಟಿಯೂ ಪದವೂ ಕೂಡಿಕೊಂಡಿದ್ದವು. ನನ್ನ ಮಟ್ಟಿಗೆ ಆ ರಾತ್ರಿಯ ಮುಂದಿನ ಸಾಲು ಅದೇ.

ಇದರಲ್ಲಿ ಮಾಯ ಏನಿಲ್ಲ. ನಮ್ಮ ವಿಡಿಯೋ ಸೆಕೆಂಡಿಗೆ 25 ಫ್ರೇಮ್, ಒಂದೊಂದಕ್ಕೆ 40 ಮಿಲಿಸೆಕೆಂಡ್. ಕ್ಯಾಮೆರಾ ಒಂದೆರಡು ಫ್ರೇಮ್ ನುಂಗುತ್ತದೆ, ಕ್ಯಾಮೆರಾಗಳ ಚಿತ್ರ ಬದಲಿಸುವ ಸ್ವಿಚರ್ ಒಂದು, ವಾಲಿನ ಪ್ರೊಸೆಸರ್ ಇನ್ನೊಂದು. ನಾಲ್ಕಾದರೆ 160 ಮಿಲಿಸೆಕೆಂಡ್ ತಡ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುವುದರಿಂದ ಅಷ್ಟರಲ್ಲಿ ಐವತ್ತು ಮೀಟರಿಗಿಂತ ದೂರ ಹೋಗಿರುತ್ತದೆ. ಅಲ್ಲಿ ನಿಂತವನಿಗೆ ಎರಡೂ ಒಟ್ಟಿಗೆ ಸಿಗುತ್ತವೆ. ಮೈದಾನದ ನಡುವೆ ಇನ್ನೊಂದು ಜೊತೆ ಸ್ಪೀಕರ್ ಕಟ್ಟಿ ಅದಕ್ಕೆ ಡಿಲೇ ಕೊಡದೆ ಬಿಟ್ಟರೆ ಮಾತ್ರ ಈ ಲೆಕ್ಕವೂ ಕೆಟ್ಟಂತೆ.

ಮೊದಲು ಮೈಕ್ ಸೆಟ್ಟಿನವರದು, ಟೀವಿಯವರದು ಎರಡು ಬೇರೆ ಕುಲ. ಮೈಕ್ ಸೆಟ್ಟಿನವರು ಅಹುಜ ಆಂಪ್ಲಿಫೈಯರ್, ತೆಂಗಿನ ಮರಕ್ಕೆ ಕಟ್ಟಿದ ಹಾರ್ನ್ ಹಿಡಿದು ಎದುರಿಗೆ ಕೂತ ಜನಕ್ಕಾಗಿ ದುಡಿದರು. ದೂರದರ್ಶನದವರು ಎಲ್ಲೋ ಮನೆಯಲ್ಲಿ ಕೂತವನಿಗಾಗಿ. ಟೀವಿ ಸ್ಟುಡಿಯೋದವರ ವೈರು 75 ಓಮಿನ ಕೋಆಕ್ಸ್, ಅದರ ತುದಿಯ ಬಿಎನ್‌ಸಿ ಪಿನ್ ತಿರುವಿದರೆ ಕಟಕ್ ಅಂತ ಕೂರುತ್ತದೆ, ಯಾರು ಎಡವಿದರೂ ಬಿಡುವುದಿಲ್ಲ. ಮದುವೆ ಶೂಟಿಂಗಿನವರ ಪಾಲಿಗೆ ಬಂದದ್ದು ಎಚ್‌ಡಿಎಂಐ, ಹತ್ತು ಹದಿನೈದು ಮೀಟರ್ ದಾಟಿದರೆ ನಂಬುವಂತಿಲ್ಲ, ಪಿನ್ನಂತೂ ತಾನಾಗಿ ಜಾರುತ್ತದೆ. ಆ ರಾತ್ರಿಯ ಕ್ಯಾಮೆರಾಕ್ಕೂ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ, ಅದರ ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿದ್ದರು. 2019ರಲ್ಲಿ ಎಟಿಇಎಂ ಮಿನಿ ಅನ್ನುವ ಅಂಗೈಯಗಲದ ಸ್ವಿಚರ್ ಬಂತು. ಮರುವರ್ಷ ಲಾಕ್‌ಡೌನ್. ಜಾತ್ರೆ, ಮದುವೆ ಎಲ್ಲ ಮೊಬೈಲಿಗೆ ಇಳಿದವು. ಹಳೇಬೀಡಿನ ಕಡೆ ಮದುವೆ ವಿಡಿಯೋ ಮಾಡುತ್ತಿದ್ದ ಹುಡುಗರು ನೋಡನೋಡುತ್ತ ಟೀವಿ ಸ್ಟೇಷನ್ ಆಗಿಬಿಟ್ಟರು. ಇತ್ತ ಬೆಂಗಳೂರಿನ ಸುದ್ದಿವಾಹಿನಿಗಳಲ್ಲಿ ನಿರೂಪಕನ ಬೆನ್ನಿಗೆ ನಿಂತಿರುವುದು ಕಲ್ಯಾಣ ಮಂಟಪದಲ್ಲಿ ವಧೂವರರ ಹೆಸರು ಮಿಂಚಿಸುವ ಜಾತಿಯ ಎಲ್‌ಇಡಿ ಫಲಕವೇ. ಅವರದ್ದು ಚುಕ್ಕಿ ಸ್ವಲ್ಪ ಒತ್ತೊತ್ತು, ಅಷ್ಟೇ ವ್ಯತ್ಯಾಸ. ದೊಡ್ಡ ಸ್ಟುಡಿಯೋಗಳು ಚಿತ್ರ, ಸದ್ದು ಎರಡನ್ನೂ ಕಂಪ್ಯೂಟರ್ ನೆಟ್‌ವರ್ಕಿನಲ್ಲೇ ಓಡಿಸುವ 2110 ಅನ್ನುವ ಮಾನದಂಡಕ್ಕೆ ಹೊರಳಿವೆ. ಜಾತ್ರೆಯ ಹುಡುಗರು ಎನ್‌ಡಿಐ ಹೆಸರಿನಲ್ಲಿ ಹೆಚ್ಚು ಕಡಿಮೆ ಅದನ್ನೇ ಲ್ಯಾನ್ ವೈರಿನಲ್ಲಿ ಮಾಡುತ್ತಾರೆ.

ಸಾಮಾನು ಒಂದಾಯಿತು, ಸರಿ. ಕಿವಿ ಒಂದಾಗಿಲ್ಲ ಅನ್ನುವುದೇ ನನ್ನ ತಕರಾರು.

ಹೋದ ಸಲ ಒಂದು ನಾಟಕದ ರೆಕಾರ್ಡಿಂಗ್ ಯೂಟ್ಯೂಬಿನಲ್ಲಿ ನೋಡಿದೆ. ದುರ್ಯೋಧನನ ಗಂಟಲು ಕಿವಿಯೊಳಗೇ ಕೂತು ಹಾಡಿದಂತಿದೆ, ಹಾರ್ಮೋನಿಯಂ ಮಾತ್ರ ಪಕ್ಕದೂರಿನದು! ಸೌಂಡ್ ಹುಡುಗನ ತಪ್ಪೂ ಅಲ್ಲ ಅದು. ಮೈದಾನದಲ್ಲಿ ಹಾರ್ಮೋನಿಯಂ ತಾನೇ ಜೋರಾಗಿ ಕೇಳುತ್ತದೆ, ಹಾಗಾಗಿ ಅವನು ಮಿಕ್ಸರಿನಲ್ಲಿ ಅದನ್ನು ಇಳಿಸಿದ್ದ. ಎದುರಿಗಿದ್ದವರಿಗೆ ಹದವಾಗಿತ್ತು. ಮಿಕ್ಸರಿನಿಂದ ನೇರವಾಗಿ ಲೈವಿಗೆ ಕೊಟ್ಟಾಗ ಮೈಕಿಗೆ ಬಿದ್ದದ್ದಷ್ಟೇ ಹೋಯಿತು. ಚಪ್ಪಾಳೆ ಇಲ್ಲ, ಸಿಳ್ಳೆ ಇಲ್ಲ, ಹಾರ ಹಾಕಲು ಮೇಲೇರಿದ ಬೀಗರ ಗಲಾಟೆಯೂ ಇಲ್ಲ. ಅದು ಬಾವಿಯೊಳಗಿನ ನಾಟಕ.

ಇದಕ್ಕೆ ಹೊಸ ಮೆಷೀನು ಬೇಡ. ಸಾಧಾರಣ ಮಿಕ್ಸರಿನಲ್ಲೂ ಪ್ರತಿ ಚಾನೆಲ್ಲಿಗೆ ‘ಆಕ್ಸ್’ ಅನ್ನುವ ಗುಬುಟು ಇರುತ್ತದೆ. ಅದರಲ್ಲಿ ಲೈವಿಗೇ ಬೇರೆ ಹದ ಕಟ್ಟಬೇಕು, ಜನರ ಕಡೆ ಮುಖ ಮಾಡಿ ಎರಡು ಮೈಕ್ ನಿಲ್ಲಿಸಬೇಕು. ಅವು ಮೈದಾನದ ಸ್ಪೀಕರಿಗೆ ಹೋಗಬಾರದು, ಹೋದರೆ ಕೂಗುತ್ತದೆ. ಚಿತ್ರ ತಡವಾಗುವಷ್ಟೇ ಲೈವಿನ ಸದ್ದನ್ನೂ ತಡ ಮಾಡಬೇಕು. ಆಕಾಶವಾಣಿ, ದೂರದರ್ಶನದ ಹಳಬರಿಗೆ ಇದು ಉಸಿರಾಟದಷ್ಟು ಸಹಜ. ಆದರೆ ಶ್ರುತಿಪೆಟ್ಟಿಗೆ ಎಷ್ಟು ಬಿಟ್ಟರೆ ಮೈಕ್ ಕೂಗೀತು ಅನ್ನುವುದು ಮೈಕ್ ಸೆಟ್ಟಿನವನಿಗೆ ಗೊತ್ತಿದ್ದಷ್ಟು ಅವರಿಗೂ ಗೊತ್ತಿರಲಿಲ್ಲ. ಎರಡೂ ಬಲ್ಲವರನ್ನು ನಾನು ಈ ಸೀಮೆಯಲ್ಲಿ ಇಬ್ಬರು ಮೂವರನ್ನು ಕಂಡಿದ್ದೇನೆ, ಅವರ ಬಾಡಿಗೆಯೂ ಬೇರೆಯವರಿಗಿಂತ ಜಾಸ್ತಿ ಇಲ್ಲ.

ತಡ ಅನ್ನುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಇನ್ಸಾಟ್ ಉಪಗ್ರಹಗಳನ್ನು ಎಂಬತ್ತರ ದಶಕದಿಂದ ಕಾಯುತ್ತ ಬಂದಿರುವುದು ಹಾಸನದ ಇಸ್ರೋ ಕೇಂದ್ರ, ನಮ್ಮವರ ಬಾಯಲ್ಲಿ ಎಂಸಿಎಫ್. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಕೆಳಗೆ ಬರುವುದಕ್ಕೆ ಬೆಳಕಿಗೂ ಕಾಲು ಸೆಕೆಂಡು ಬೇಕು. ಟೀವಿಯಲ್ಲಿ ವರದಿಗಾರ ಪ್ರಶ್ನೆ ಕೇಳಿಯೂ ಕೇಳದವನಂತೆ ತಲೆಯಾಡಿಸಿ ನಿಲ್ಲುತ್ತಿದ್ದನಲ್ಲ, ಅದರಲ್ಲಿ ಒಂದು ಪಾಲು ಈ ದಾರಿಯದ್ದು. ಈಗ ವಾಹಿನಿಯವರು ಬೇಲೂರು ತೇರಿಗೆ ಬಂದರೆ ಛತ್ರಿಯ ವ್ಯಾನ್ ಬೇಕೇ ಬೇಕು ಅಂತಿಲ್ಲ, ನಾಲ್ಕಾರು ಸಿಮ್ ಹಾಕಿದ ಬ್ಯಾಗನ್ನು ಬೆನ್ನಿಗೇರಿಸಿದರೆ ಸಾಕು. ತೇರು ಎಳೆಯುವ ಹೊತ್ತಿಗೆ ಸರಿಯಾಗಿ ಅಷ್ಟೂ ಜನ ಮೊಬೈಲ್ ಎತ್ತಿ ನೆಟ್‌ವರ್ಕ್ ಕೂತುಬಿಡುತ್ತದೆ, ಅದು ಬೇರೆ ಮಾತು. ಅದೇ ಬೇಲೂರಿನ ಚೆನ್ನಕೇಶವನ ಗುಡಿಯ ನವರಂಗದಲ್ಲಿ ನಡುವೆ ದುಂಡನೆಯ ಕಲ್ಲಿನ ವೇದಿಕೆ ಇದೆಯಲ್ಲ, ಕುಣಿತಕ್ಕೆಂದು ಮಾಡಿದ್ದು. ಸುತ್ತ ಯಾವ ಕಂಬಕ್ಕೆ ಒರಗಿ ಕೂತರೂ ಗೆಜ್ಜೆಗೂ ಪಾದಕ್ಕೂ ನಡುವೆ ಒಂದು ಫ್ರೇಮಿನಷ್ಟೂ ಅಂತರ ಬೀಳಲಾರದು.

ಅಂದು ನಾಟಕ ಮುಗಿಯುವ ಮುಂಚೆಯೇ ಹೊರಟೆ. ಮೈದಾನದಂಚಿನ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಮೊಬೈಲ್ ಹಿಡಿದು ಕೂತಿದ್ದರು, ಮೊಮ್ಮಗನೇ ಕರ್ಣನಂತೆ. ಕರ್ಣನ ಪದ ಗಾಳಿಯಲ್ಲಿ ತೇಲಿ ಬಂತು. ಅರ್ಧ ನಿಮಿಷ ಕಳೆದು ಅದೇ ಪದ ಮೊಬೈಲಿನಿಂದ ಹೊರಟಿತು. ಲೈವ್ ಅಷ್ಟು ಹಿಂದೆ ಬಿದ್ದಿದೆ ಅಂತ ನಾನು ವಿವರಿಸಲು ಹೋದೆ.

“ಇರ್ಲಿ ಬಿಡಪ್ಪ, ಎರಡು ಸಲ ಹಾಡ್ತಾನಲ್ಲ” ಅಂದರು.