ಸಂಗೀತಕ್ಕೆ ಓಣಿ ಹಂಚುವ ರೇಡಿಯೋ

ವಿಡಿಯೋ ಗೇಮ್‌ಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಹಿಂಸೆಯ ಪ್ರಶ್ನೆಗೇ ಬಂದು ನಿಲ್ಲುತ್ತದೆ. ‘ಗ್ರ್ಯಾಂಡ್ ಥೆಫ್ಟ್ ಆಟೋ’ ಸರಣಿಯ ವಿಷಯದಲ್ಲಂತೂ ಇದು ಸಹಜ. ಅದರ ಹೆಸರಲ್ಲೇ ಕಾರುಗಳ್ಳತನವಿದೆ. ಆದರೆ ಇಡೀ ನಗರವನ್ನು ಮನಬಂದಂತೆ ಸುತ್ತಬಹುದಾದ ಈ ಆಟದಲ್ಲಿ ಕಣ್ಣಿನಷ್ಟೇ ಕಿವಿಗೂ ಕೆಲಸವಿದೆ. ಕಾರು ಹತ್ತಿದರೆ ರೇಡಿಯೋ ಹಾಡುತ್ತದೆ. ಆ ಹಾಡು ನಮಗೆ ಏನನ್ನು ಕಲಿಸುತ್ತಿದೆ ಎಂದು ಕೇಳಿಕೊಂಡವರು ಕಡಿಮೆ.

2002ರ ‘ವೈಸ್ ಸಿಟಿ’ಯಲ್ಲಿ ‘ರೇಡಿಯೋ ಎಸ್ಪಾಂತೋಸೋ’ ಎಂಬ ಲ್ಯಾಟಿನ್ ಕೇಂದ್ರವಿದೆ. ಟಿಟೊ ಪುಎಂತೆ, ಬೆನಿ ಮೊರೆ, ಮಚೀತೊ, ಇರಾಕೆರೆ ತಂಡ ಇವರ ಸಂಗೀತ ಅದರಲ್ಲಿ ಕೇಳುತ್ತದೆ. 2008ರ ನಾಲ್ಕನೆಯ ಆಟದ ‘ಸಾನ್ ಹುವಾನ್ ಸೌಂಡ್ಸ್’ನಲ್ಲಿ ರೆಗ್ಗೆಟೋನ್, 2013ರ ಐದನೆಯ ಆಟದ ‘ಈಸ್ಟ್ ಲಾಸ್ ಎಫ್‌ಎಂ’ನಲ್ಲಿ ಮೆಕ್ಸಿಕೊದ ಹಾಡುಗಳು. ಆಯ್ಕೆ ಮಾಡಿದವರ ರುಚಿ ಸಾಮಾನ್ಯವಾದುದಲ್ಲ. ಅಣ್ಣಿಗೇರಿ, ನವಲಗುಂದದ ಹುಡುಗನೊಬ್ಬನ ಕಿವಿಗೆ ಕ್ಯೂಬಾದ ಮಾಂಬೊ ಬೀಳಲು ಬೇರೆ ಯಾವ ದಾರಿಯಿತ್ತು? ಈ ಉಪಕಾರವನ್ನು ಮರೆಯಬಾರದು.

ತಕರಾರು ಇರುವುದು ವಿಂಗಡಣೆಯ ಬಗ್ಗೆ. ಎಸ್ಪಾಂತೋಸೋದಲ್ಲಿ ಕ್ಯೂಬಾದವರ ಜೊತೆ ಬ್ರೆಜಿಲ್‌ನ ದೆಯೊದಾತೊ ಇದ್ದಾರೆ, ಅಮೆರಿಕದ ಜಾಝ್ ಕಲಾವಿದ ಲೋನಿ ಲಿಸ್ಟನ್ ಸ್ಮಿತ್ ಕೂಡ ಇದ್ದಾರೆ. ಬ್ರೆಜಿಲ್‌ನ ಭಾಷೆ ಸ್ಪ್ಯಾನಿಷ್ ಅಲ್ಲ, ಪೋರ್ಚುಗೀಸ್. ಇಷ್ಟೆಲ್ಲವನ್ನೂ ಒಂದೇ ಬುಟ್ಟಿಗೆ ತುಂಬಿ ಅದಕ್ಕಿಟ್ಟ ಹೆಸರಿನ ಅರ್ಥ ‘ಭಯಂಕರ’ ಎಂದು! 2004ರ ‘ಸಾನ್ ಆಂಡ್ರಿಯಾಸ್’ನದು ಇನ್ನೊಂದು ಬಗೆ. ಲಾಸ್ ಏಂಜಲೀಸನ್ನು ಹೋಲುವ ಆ ಊರಿನ ಬೀದಿಗಳಲ್ಲಿ ಬಂದೂಕು ಹಿಡಿದ ಮೆಕ್ಸಿಕನ್ ಗ್ಯಾಂಗುಗಳಿವೆ. ರೇಡಿಯೋದಲ್ಲಿ ಅವರದೊಂದು ಕೇಂದ್ರವಿಲ್ಲ. ಹಿಪ್‌ಹಾಪ್ ಕೇಂದ್ರದಲ್ಲಿ ಕಿಡ್ ಫ್ರಾಸ್ಟ್‌ನ ಒಂದು ಹಾಡು ಸಿಕ್ಕೀತು, ಅಷ್ಟೆ. ಜನರ ಅಪರಾಧ ಬೇಕು, ಅವರ ಹಾಡು ಬೇಡ ಎಂದಂತಾಯಿತು.

ಇದು ದೂರದವರ ಸಮಸ್ಯೆ ಎಂದು ಸುಮ್ಮನಿರುವಂತಿಲ್ಲ. 2005ರ ‘ಲಿಬರ್ಟಿ ಸಿಟಿ ಸ್ಟೋರೀಸ್’ನಲ್ಲಿ ನಮ್ಮ ಸರದಿಯೂ ಬಂತು. ‘ರೇಡಿಯೋ ದೆಲ್ ಮುಂದೊ’, ಅಂದರೆ ಲೋಕದ ರೇಡಿಯೋ, ಎಂಬ ಕೇಂದ್ರದಲ್ಲಿ ಆಶಾ ಭೋಸ್ಲೆ ಮತ್ತು ಅರಬ್ ಗಾಯಕರು ಒಂದೇ ಸಾಲಿನಲ್ಲಿ ಕೂತಿದ್ದಾರೆ. ನಿರೂಪಕನ ಹೆಸರು ಪಂಜಿತ್ ಗಾವಸ್ಕರ್. ಇಂಥ ಹೆಸರಿನವರನ್ನು ಭಾರತದಲ್ಲಿ ಹುಡುಕಿ ನೋಡಬೇಕು.

ಇದೇ ಅಳತೆಗೋಲಿನಿಂದ ಯಾರಾದರೂ ಧಾರವಾಡ ಜಿಲ್ಲೆಯನ್ನು ಆಟವಾಗಿಸಿದರೆ ಏನಾದೀತು? ಉತ್ತರಪ್ರದೇಶದ ಕೈರಾನಾದಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ರಾಮಭಾವು ಕಲಿತು ಸವಾಯಿ ಗಂಧರ್ವರಾದರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಪಾರ್ಸಿ ಸಮುದಾಯದ ಫಿರೋಜ್ ದಸ್ತೂರ್ ಕಲಿತರು. ಈ ಗಾಯನ ಯಾರ ಓಣಿಯದು? ಮೊಹರಮ್ಮಿನಲ್ಲಿ ಈ ಸೀಮೆಯ ಹಳ್ಳಿಗಳ ಹಿಂದೂಗಳು ಕರ್ಬಲಾದ ಕತೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಅದನ್ನು ಯಾವ ಕೇಂದ್ರಕ್ಕೆ ಸೇರಿಸುತ್ತೀರಿ? ‘ಹಿಂದೂ’ ಎಂಬ ಗುಂಡಿಗೋ, ‘ಮುಸ್ಲಿಂ’ ಎಂಬ ಗುಂಡಿಗೋ?

ಲ್ಯಾಟಿನ್ ಸಂಗೀತವೂ ಹೀಗೆಯೇ ಬೆರೆತು ಬೆಳೆದದ್ದು. ಮಾಂಬೊದೊಳಗೆ ಗುಲಾಮರಾಗಿ ಬಂದ ಆಫ್ರಿಕನ್ನರ ತಾಳವಿದೆ. ರೆಗ್ಗೆಟೋನ್ ಜಮೈಕಾದ ಲಯವನ್ನು ಪನಾಮಾದ ಮೂಲಕ ಪೋರ್ಟೊರಿಕೊಗೆ ತಂದುಕೊಂಡಿತು. ಕ್ಯೂಬಾದ ಹಳ್ಳಿಗರು ನುಡಿಸುವ ‘ಲಾವುದ್’ ವಾದ್ಯದ ಹೆಸರೇ ಅರಬ್ಬಿಯ ‘ಅಲ್ ಊದ್’ನಿಂದ ಬಂದದ್ದು. ಹಾಡುಗಳು ಗಡಿ ದಾಟಿ ಬಂದಿವೆ. ಆಟ ಅವನ್ನು ಮತ್ತೆ ಓಣಿಯೊಳಗೆ ಕೂಡಿಹಾಕುತ್ತದೆ.

ಹೆಸರಿನ ಮಾತೂ ಇದಕ್ಕೆ ಸೇರಿದ್ದೇ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯಲ್ಲಿ ಗಾಯಕರು, ರಾಗ, ತಬಲಾ ಸಾಥಿಯವರ ಹೆಸರು ಹೇಳಿದ ಮೇಲೆ ಸಂಗೀತ ಶುರುವಾಗುವುದು ವಾಡಿಕೆ. ‘ವೈಸ್ ಸಿಟಿ’ಯ ಪರದೆಯ ಮೇಲೆ ಮೂಡುವುದು ಕೇಂದ್ರದ ಹೆಸರು ಮಾತ್ರ. ನಾಲ್ಕನೆಯ ಆಟದಲ್ಲಿ ಹಾಡು ಯಾವುದೆಂದು ತಿಳಿಯಲು ಆಟದೊಳಗಿನ ಫೋನಿನಿಂದ ಒಂದು ನಂಬರಿಗೆ ಕರೆ ಮಾಡಬೇಕಿತ್ತು. ಐದನೆಯದರಲ್ಲಿ ಕೇಂದ್ರ ಆರಿಸುವಾಗಲೇ ಗಾಯಕರ ಹೆಸರು ಕಾಣುತ್ತದೆ. ಇದು ಸಣ್ಣ ಸುಧಾರಣೆಯಲ್ಲ. ಹೆಸರಿಲ್ಲದ ಗಾಯಕ ಕೇಳುವವರ ಪಾಲಿಗೆ ಬರೀ ಒಂದು ಜನಾಂಗದ ಸದ್ದಾಗುತ್ತಾನೆ. ಹೆಸರು ತಿಳಿದರೆ ಆತ ಒಬ್ಬ ಮನುಷ್ಯ.

ನಮ್ಮ ಮಕ್ಕಳು ಈ ಆಟಗಳನ್ನು ಆಡುತ್ತಾರೆ, ಬೈದರೆ ಬಿಡುವವರಲ್ಲ. ‘ಈಗ ಹಾಡಿದವರು ಯಾರು, ಯಾವ ಊರಿನವರು?’ ಎಂದು ಅವರನ್ನು ಕೇಳುವುದನ್ನಾದರೂ ನಾವು ರೂಢಿ ಮಾಡಿಕೊಳ್ಳಬಹುದು.